ಕೊಟ್ಟು ಕೊಳ್ಳುವ ಭಾಷೆ: ಜಪಾನಿನ ಹಳ್ಳಿಯಲ್ಲಿ ಕಲಿತ ಜಪಾನಿ

ಪೀಣ್ಯದ ಯಾವ ಶೆಡ್ಡಿಗೆ ಕಾಲಿಟ್ಟರೂ ಸಿ.ಎನ್.ಸಿ. ಯಂತ್ರದ ನಿಯಂತ್ರಕದ ಮೇಲೆ ಫ್ಯಾನುಕ್ ಎಂಬ ಹೆಸರು ಕಣ್ಣಿಗೆ ಬೀಳುವುದು ಸಾಮಾನ್ಯ. ಆ ಸಂಸ್ಥೆಯ ಕೇಂದ್ರ ಕಚೇರಿ ಟೋಕಿಯೊದಲ್ಲಾಗಲಿ ಒಸಾಕಾದಲ್ಲಾಗಲಿ ಇಲ್ಲ. ಫ್ಯೂಜಿ ಪರ್ವತದ ತಪ್ಪಲಿನಲ್ಲಿ, ಯಮನಾಶಿ ಪ್ರಾಂತಕ್ಕೆ ಸೇರಿದ ಒಶಿನೊ ಎಂಬಲ್ಲಿದೆ. ಒಶಿನೊ ಜಪಾನಿನ ಆಡಳಿತದ ಲೆಕ್ಕದಲ್ಲಿ ಇಂದಿಗೂ ಒಂದು ಹಳ್ಳಿ. ಜಪಾನ್ ಎಂದೊಡನೆ ನಮಗೆ ವೇಗದ ರೈಲು ಮತ್ತು ಮಹಾನಗರಗಳು ನೆನಪಾಗುತ್ತವೆ. ಆದರೆ ಆ ದೇಶದ ಬಿಡಿಭಾಗ ತಯಾರಕರಲ್ಲಿ ಎಷ್ಟೋ ಮಂದಿ ಭತ್ತದ ಗದ್ದೆ, ದ್ರಾಕ್ಷಿ ತೋಟಗಳ ನಡುವೆ ಕಾರ್ಖಾನೆ ನಡೆಸುತ್ತಿದ್ದಾರೆ. ಅವರೊಡನೆ ವ್ಯವಹರಿಸಬಯಸುವ ನಮ್ಮ ಸಣ್ಣ ಉದ್ದಿಮೆದಾರರು ಜಪಾನಿ ಭಾಷೆಯನ್ನು ಎಲ್ಲಿ, ಹೇಗೆ ಕಲಿಯಬೇಕೆಂಬ ಪ್ರಶ್ನೆಗೂ ಈ ಸಂಗತಿಗೂ ಸಂಬಂಧವಿದೆ.

ಇತ್ತೀಚಿನ ವರ್ಷಗಳಲ್ಲಿ ಕಕ್ಷಿದಾರರು ಜಪಾನಿ ತರಗತಿಗಳ ಬಗ್ಗೆ ನನ್ನನ್ನು ವಿಚಾರಿಸುವುದು ಹೆಚ್ಚಾಗಿದೆ. ಭಾಷೆಯ ವಿಚಾರವನ್ನು ಲೆಕ್ಕಪರಿಶೋಧಕನಲ್ಲಿ ಕೇಳುವುದೇಕೆಂದು ಓದುಗರಿಗೆ ಅನ್ನಿಸಬಹುದು. ಅವರು ಕೇಳುವುದು ಖರ್ಚಿನ ಪ್ರಶ್ನೆ: ಮಗನನ್ನೋ ಇಂಜಿನಿಯರನ್ನೋ ಆರು ತಿಂಗಳು ತರಗತಿಗೆ ಕಳುಹಿಸಿದರೆ ಆ ವೆಚ್ಚ ಗಿಟ್ಟುತ್ತದೆಯೇ? ಪ್ರಶ್ನೆಗೆ ಕಾರಣವೂ ಇದೆ. ವಿಶೇಷ ಕೌಶಲದ ಕೆಲಸಗಾರರಿಗೆ ಜಪಾನ್ 2019ರ ಏಪ್ರಿಲ್‌ನಿಂದ ಹೊಸ ವೀಸಾ ಆರಂಭಿಸಿತು. 2021ರ ಜನವರಿಯಲ್ಲಿ ಈ ಬಗ್ಗೆ ಭಾರತದೊಡನೆ ಒಪ್ಪಂದವಾಯಿತು. 2025ರ ಆಗಸ್ಟ್‌ನಲ್ಲಿ ಉಭಯ ದೇಶಗಳು ಐದು ವರ್ಷಗಳಲ್ಲಿ ಐದು ಲಕ್ಷ ಜನರ ಪರಸ್ಪರ ವಿನಿಮಯದ ಗುರಿಯನ್ನು ಪ್ರಕಟಿಸಿದವು. ಅದರಲ್ಲಿ ಭಾರತದಿಂದ ಹೋಗುವ 50,000 ಕುಶಲಕರ್ಮಿಗಳು ಹಾಗೂ ಪ್ರತಿಭಾವಂತರು ಸೇರಿದ್ದಾರೆ. ವಿಶೇಷ ಕೌಶಲದ ಮೊದಲ ಹಂತದ ವೀಸಾಗೆ ಎನ್–4 ದರ್ಜೆಯ ಅಥವಾ ಅದಕ್ಕೆ ಸಮನಾದ ಭಾಷಾ ಪರೀಕ್ಷೆ ಸಾಮಾನ್ಯವಾಗಿ ಸಾಕು. ಈ ಎನ್ ದರ್ಜೆಯ ಪರೀಕ್ಷೆಯಲ್ಲಿ ಓದುವುದು, ಕೇಳಿಸಿಕೊಳ್ಳುವುದು, ಸರಿಯುತ್ತರಕ್ಕೆ ಗುರುತು ಹಾಕುವುದು ಉಂಟು. ಅಭ್ಯರ್ಥಿ ಬಾಯಿ ತೆರೆದು ಒಂದು ಮಾತನ್ನೂ ಆಡಬೇಕಾಗಿಲ್ಲ. ಪ್ರಮಾಣಪತ್ರವನ್ನು ಆಸ್ತಿಯ ಪಟ್ಟಿಗೆ ಸೇರಿಸುವ ಮುನ್ನ ಇದನ್ನು ಗಮನಿಸತಕ್ಕದ್ದು.

ಒಂದು ದಾಸ್ತಾನಿನ ಕಥೆ

ನನ್ನ ಕಕ್ಷಿದಾರರೊಬ್ಬರು ಪೀಣ್ಯದಲ್ಲಿ ಲೇತ್ ಕೆಲಸದ ಬಿಡಿಭಾಗಗಳನ್ನು ತಯಾರಿಸುತ್ತಾರೆ. 2012ರಲ್ಲಿ ಜಪಾನಿನ ಖರೀದಿದಾರ ಸಂಸ್ಥೆಯೊಂದರ ಇಬ್ಬರು ಅಧಿಕಾರಿಗಳು ಅವರ ಶೆಡ್ಡಿಗೆ ಬಂದು ಮಾದರಿಗಳನ್ನು ಪರೀಕ್ಷಿಸಿದರು. ಪ್ರತಿಯೊಂದು ಮಾತಿಗೂ ತಲೆಯಾಡಿಸಿ 'ಹಾಯ್, ಹಾಯ್' ಎಂದರು. ಹೊರಡುವಾಗ 'ಕೆಂತೋ ಶಿಮಾಸು' ಎಂದರು. ದುಭಾಷಿ ಅದನ್ನು 'ಪರಿಶೀಲಿಸುತ್ತೇವೆ' ಎಂದು ತಿಳಿಸಿದ. ನಮ್ಮವರು ಸಂತೋಷದಿಂದ ಆರು ತಿಂಗಳಿಗೆ ಸಾಕಾಗುವಷ್ಟು ವಿಶೇಷ ಮಿಶ್ರಲೋಹದ ಉಕ್ಕನ್ನು ತರಿಸಿ ಇಟ್ಟರು. ಆರ್ಡರು ಬರಲೇ ಇಲ್ಲ. ವರ್ಷಾಂತ್ಯದಲ್ಲಿ ಆ ಉಕ್ಕನ್ನು ಕೊಂಡ ಬೆಲೆಗೆ ತೋರಿಸುವಂತಿರಲಿಲ್ಲ; ಮಾರಿದರೆ ಬರಬಹುದಾದ ಬೆಲೆಗೆ ಇಳಿಸಿ ಬರೆಯಬೇಕಾಯಿತು. ಆ ವರ್ಷದ ಲಾಭದಲ್ಲಿ ದೊಡ್ಡ ಪಾಲು ಅಲ್ಲಿಯೇ ಕರಗಿತು.

ದುಭಾಷಿಯ ಅನುವಾದದಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ಆದರೆ ಆ ಸನ್ನಿವೇಶದಲ್ಲಿ 'ಪರಿಶೀಲಿಸುತ್ತೇವೆ' ಎಂದಷ್ಟೇ ಹೇಳಿ ಮುಂದಿನ ದಿನಾಂಕ ಕೊಡದೆ ಎದ್ದರೆ, ಅದು ಬಹುಪಾಲು ವಿನಯದ ನಿರಾಕರಣೆ. 'ಹಾಯ್' ಎಂಬುದೂ ಅಷ್ಟೆ. ನಿಘಂಟಿನಲ್ಲಿ ಅದಕ್ಕೆ 'ಹೌದು' ಎಂಬ ಅರ್ಥವಿದ್ದರೂ ಮಾತಿನ ನಡುವೆ ಬಂದಾಗ 'ಕೇಳುತ್ತಿದ್ದೇನೆ, ಮುಂದುವರಿಸಿ' ಎಂದಷ್ಟೇ ಅರ್ಥ. ಹೀಗೆ ನಡುನಡುವೆ ಮಾತು ಸೇರಿಸುವುದಕ್ಕೆ ಜಪಾನಿನಲ್ಲಿ 'ಆಯ್ಜುಚಿ' ಎನ್ನುತ್ತಾರೆ. ಅದು ಕಮ್ಮಾರಸಾಲೆಯಿಂದ ಬಂದ ಪದ: ಕಮ್ಮಾರನ ಏಟಿಗೆ ಎದುರಾಗಿ ನಿಂತ ಸಹಾಯಕ ಸರದಿಯಂತೆ ಹಾಕುವ ಸಮ್ಮಟಿಯ ಏಟು. ಕಥೆ ಹೇಳುವಾಗ ನಮ್ಮ ಮಕ್ಕಳು ಹೂಂಗುಟ್ಟುವುದು ಇದೇ. ಹೂಂಗುಟ್ಟಿದವನು ಕಥೆಯನ್ನು ಒಪ್ಪಿದನೆಂದು ಯಾರೂ ತಿಳಿಯುವುದಿಲ್ಲವಷ್ಟೆ?

ಆ ಕಕ್ಷಿದಾರರ ಮಗ ಇಂಜಿನಿಯರಿಂಗ್ ಮುಗಿಸಿ, ಬೆಂಗಳೂರಿನಲ್ಲಿಯೇ ಎನ್–4 ಉತ್ತೀರ್ಣನಾಗಿ, 2016ರಲ್ಲಿ ಯಮನಾಶಿಯ ಒಂದು ಸಣ್ಣ ಬಿಡಿಭಾಗ ಕಾರ್ಖಾನೆಗೆ ತಾಂತ್ರಿಕ ಉದ್ಯೋಗಿಯಾಗಿ ಹೋದ. ಮೂರು ವರ್ಷ ದ್ರಾಕ್ಷಿ ತೋಟಗಳ ನಡುವಿನ ಹಳ್ಳಿಯೊಂದರ ಬಾಡಿಗೆ ಮನೆಯಲ್ಲಿದ್ದ. ಮುಂದೆ ಹೇಳುವ ಹಲವು ವಿವರಗಳು ಅವನಿಂದ ಕೇಳಿದವು.

ವ್ಯಾಕರಣ ನಮಗೆ ಶತ್ರುವಲ್ಲ

ಮೊದಲು ಒಂದು ಭಯವನ್ನು ನಿವಾರಿಸಬೇಕು. ಜಪಾನಿ ವ್ಯಾಕರಣ ಕಠಿಣವೆಂಬ ಮಾತು ಇಂಗ್ಲಿಷ್ ಬಲ್ಲವರಿಂದ ನಮಗೆ ಬಂದದ್ದು. ಕನ್ನಡಿಗನಿಗೆ ಅದು ಪರಿಚಿತವಾದ ಬೀದಿ. ಕರ್ತೃ, ಕರ್ಮ, ಕೊನೆಗೆ ಕ್ರಿಯಾಪದ; ವಿಭಕ್ತಿಯ ಕೆಲಸ ಮಾಡುವ ಪ್ರತ್ಯಯಗಳು ನಾಮಪದದ ಹಿಂದೆ; ಪ್ರಶ್ನೆಗೆ ವಾಕ್ಯದ ಕೊನೆಯಲ್ಲಿ ಒಂದು 'ಕಾ'. 'ತಬೆತೆ ಮಿರು' ಎಂದರೆ ಪದಕ್ಕೆ ಪದ 'ತಿಂದು ನೋಡು'. ನಮ್ಮಲ್ಲಿರುವಂತೆ ಅಲ್ಲಿಯೂ ಇಲ್ಲಿ ನೋಡುವುದೆಂದರೆ ಪ್ರಯತ್ನಿಸುವುದು. 'ಶಿತೆ ಒಕು' ಎಂದರೆ 'ಮಾಡಿ ಇಡು'. 'ಮೊತ್ತೆ ಕುರು' ಎಂದರೆ 'ಹಿಡಿದುಕೊಂಡು ಬಾ'. ಅವರ ಅಕ್ಷರಮಾಲೆಯೂ ಅ, ಇ, ಉ, ಎ, ಒ ಎಂದು ಆರಂಭವಾಗಿ ಕ, ಸ, ತ, ನ ಎಂದು ಸಾಗುತ್ತದೆ. ಬೌದ್ಧಧರ್ಮದೊಡನೆ ಹೋದ ಸಂಸ್ಕೃತ ವರ್ಣಕ್ರಮದ ಪ್ರಭಾವವದು. ಇಷ್ಟು ಸಾಮ್ಯ ಕಂಡು ಒನೊ ಸುಸುಮು ಎಂಬ ಜಪಾನಿ ವಿದ್ವಾಂಸರು ತಮಿಳಿಗೂ ಜಪಾನಿಗೂ ಸಂಬಂಧವಿದೆಯೆಂದು ವಾದಿಸಿದ್ದುಂಟು. ಭಾಷಾಶಾಸ್ತ್ರಜ್ಞರಲ್ಲಿ ಹೆಚ್ಚಿನವರು ಒಪ್ಪಲಿಲ್ಲ. ಅದೇನೇ ಇರಲಿ, ಜಪಾನಿ ವಾಕ್ಯವನ್ನು ಮೊದಲು ಇಂಗ್ಲಿಷಿಗೆ ತಲೆಕೆಳಗು ಮಾಡಿ ಅನಂತರ ಕನ್ನಡದಲ್ಲಿ ನೆಟ್ಟಗೆ ಮಾಡಿಕೊಳ್ಳುವ ನಮ್ಮ ತರಗತಿಗಳ ಪದ್ಧತಿ ಹಣಕ್ಕೂ ಕಾಲಕ್ಕೂ ನಷ್ಟವೆಂದೇ ನನ್ನ ಅಭಿಪ್ರಾಯ. ಲಿಪಿಯ ಕಷ್ಟ ಮಾತ್ರ ನಿಜವಾದ ಕಷ್ಟ, ಅದಕ್ಕೆ ಅಡ್ಡದಾರಿಯಿಲ್ಲ.

ಹಾಗಾದರೆ ತೊಡಕು ಎಲ್ಲಿದೆ? ಕೊಡುವ ಮತ್ತು ಕೊಳ್ಳುವ ಕ್ರಿಯಾಪದಗಳಲ್ಲಿದೆ. ಕನ್ನಡದಲ್ಲಿ ನಾನು ಕೊಟ್ಟರೂ 'ಕೊಡು', ನೀವು ನನಗೆ ಕೊಟ್ಟರೂ 'ಕೊಡು'. ಜಪಾನಿಯಲ್ಲಿ ನಾನು ಪರರಿಗೆ ಕೊಟ್ಟರೆ 'ಅಗೆರು'. ಪರರು ನನಗೆ ಅಥವಾ ನನ್ನ ಕಡೆಯವರಿಗೆ ಕೊಟ್ಟರೆ 'ಕುರೆರು'. ಅದೇ ವ್ಯವಹಾರವನ್ನು ನಾನು ಪಡೆದೆನೆಂದು ಹೇಳುವುದಾದರೆ 'ಮೊರಾವು'. ಕೊಟ್ಟವರು ಹಿರಿಯರಾದರೆ 'ಕುರೆರು' ಹೋಗಿ 'ಕುದಸಾರು' ಬರುತ್ತದೆ, 'ಮೊರಾವು' ಹೋಗಿ 'ಇತದಾಕು' ಬರುತ್ತದೆ. ಊಟಕ್ಕೆ ಕುಳಿತಾಗ ಜಪಾನೀಯರು ಹೇಳುವ 'ಇತದಾಕಿಮಾಸು' ಎಂಬುದು ಈ ಕೊನೆಯ ಪದವೇ: ವಿನಯದಿಂದ ಪಡೆಯುತ್ತೇನೆ. ವಸ್ತುಗಳಿಗೆ ಮಾತ್ರವಲ್ಲ, ಉಪಕಾರಗಳಿಗೂ ಈ ಕ್ರಿಯಾಪದಗಳೇ ಅಂಟಿಕೊಳ್ಳುತ್ತವೆ. ನೆರೆಯವರು ನನ್ನ ಸೈಕಲ್ಲನ್ನು ಸರಿಮಾಡಿದರೆ 'ನವೊಶಿತೆ ಕುರೆತಾ', ಅಂದರೆ 'ಸರಿಮಾಡಿಕೊಟ್ಟರು' ಎನ್ನಬೇಕು. ಕನ್ನಡದಲ್ಲಿ ಬರಿದೆ 'ಸರಿಮಾಡಿದರು' ಎಂದರೂ ಯಾರೂ ಹುಬ್ಬೇರಿಸುವುದಿಲ್ಲ. ಅಲ್ಲಿ ಹಾಗೆಂದರೆ, ಬಂದ ಉಪಕಾರವನ್ನು ಪುಸ್ತಕಕ್ಕೆ ಹತ್ತಿಸದೆ ಬಿಟ್ಟಂತೆ ಕೇಳಿಸುತ್ತದೆ.

ಜಮೆ ಮತ್ತು ಖರ್ಚಿನ ಎರಡು ಕಲಮುಗಳನ್ನು ಕ್ರಿಯಾಪದದಲ್ಲಿಯೇ ಇಟ್ಟುಕೊಂಡ ಭಾಷೆ ಇದು. ಯಾವ ಕಲಮಿಗೆ ಬರೆಯಬೇಕೆಂಬ ನಿಯಮವನ್ನು ಪುಸ್ತಕ ಒಂದು ಪುಟದಲ್ಲಿ ಹೇಳಿಬಿಡುತ್ತದೆ. ಆದರೆ ಮಾತಿನ ಓಟದಲ್ಲಿ ಕೈ ತಾನಾಗಿ ಸರಿಯಾದ ಕಲಮಿಗೆ ಹೋಗಬೇಕಾದರೆ ದಿನವೂ ಕೊಡುವವರು ಮತ್ತು ಕೊಳ್ಳುವವರು ಎದುರಿಗಿರಬೇಕು. ನಗರದ ಬಾಡಿಗೆ ಕೋಣೆಯಲ್ಲಿದ್ದು ಯಂತ್ರದಿಂದ ಟಿಕೆಟ್ಟು, ಯಂತ್ರದಿಂದ ಊಟದ ಚೀಟಿ ಪಡೆಯುವವನಿಗೆ ಯಾರ ಉಪಕಾರವೂ ಬೇಕಾಗುವುದಿಲ್ಲ. ಹಳ್ಳಿಯಲ್ಲಿ ಬೇಡವೆಂದರೂ ಬಿಡುವುದಿಲ್ಲ.

ಕಾಲುವೆ, ಹಲಗೆ, ಮತ್ತು ಬಾಗಿಲ ಬಳಿಯ ಬದನೆಕಾಯಿ

ಯಮನಾಶಿಗೆ ಹೋದ ಹುಡುಗನಿಗೆ ಮೊದಲ ಕೆಲವು ತಿಂಗಳು ಭಾಷೆ ಹತ್ತಲಿಲ್ಲ. ಕಾರ್ಖಾನೆಯಲ್ಲಿ ನಕ್ಷೆ ಮತ್ತು ಅಂಕಿಗಳು ಮಾತಿನ ಅಗತ್ಯವನ್ನೇ ತಪ್ಪಿಸುತ್ತಿದ್ದವು. ಮಧ್ಯಾಹ್ನದ ಊಟದ ಹರಟೆ ಅವನಿಗೆ ಬರಿಯ ಸದ್ದು. ಅವನ ಮನೆಗೆ ವಾರಕ್ಕೋ ಹದಿನೈದು ದಿನಕ್ಕೋ ಒಂದು ಹಲಗೆ ಬರುತ್ತಿತ್ತು. ಇದಕ್ಕೆ 'ಕಾಯ್ರಾನ್‌ಬಾನ್' ಎಂದು ಹೆಸರು; ಊರಿನ ಪ್ರಕಟಣೆಗಳನ್ನು ಸಿಕ್ಕಿಸಿ ಮನೆಯಿಂದ ಮನೆಗೆ ಸುತ್ತಿಸುವ ಹಲಗೆ. ಓದಿದ ಗುರುತಿಗೆ ಮನೆಯ ಮೊಹರು ಒತ್ತಿ ಮುಂದಿನ ಮನೆಗೆ ಒಯ್ದು ಕೊಡತಕ್ಕದ್ದು. ಅವನು ಓದಲಾಗದೆ, ಮೊಹರು ಒತ್ತಿ ಮುಂದಿನ ಮನೆಯ ಬಾಗಿಲಲ್ಲಿಟ್ಟು ಬರುತ್ತಿದ್ದ. ಓದದೆ ಸಹಿ ಹಾಕುವವರ ಗತಿ ಏನೆಂದು ನಮ್ಮ ವೃತ್ತಿಯವರಿಗೆ ಹೇಳಬೇಕಾಗಿಲ್ಲ. ಒಂದು ಪ್ರಕಟಣೆಯಲ್ಲಿ ಭಾನುವಾರ ಬೆಳಗ್ಗೆ ನೀರಿನ ಕಾಲುವೆಯ ಹೂಳೆತ್ತುವ ಕೆಲಸವಿದೆ, ಮನೆಗೊಬ್ಬರು ಬರಬೇಕೆಂದು ಇತ್ತು. ಅವನು ಹೋಗಲಿಲ್ಲ. ಮರುವಾರ ಓಣಿಯ ಮುಖ್ಯಸ್ಥರು ಬಂದು, ತಲೆಬಾಗಿ, ಕೆಲವು ಸಾವಿರ ಯೆನ್ನಿನ ಒಂದು ಚೀಟಿ ಕೊಟ್ಟರು. ಸಾಮೂಹಿಕ ಕೆಲಸಕ್ಕೆ ಆಳು ಕಳುಹಿಸದ ಮನೆ ಕೊಡಬೇಕಾದ ಹಣ. 'ದೆಬುಸೊಕು–ಕಿನ್' ಎಂದು ಅದಕ್ಕೆ ಹೆಸರೇ ಇದೆ.

ಹಣ ಕೊಟ್ಟ. ಲೆಕ್ಕ ಚುಕ್ತಾ ಆಯಿತೆಂದು ತಿಳಿದ. ಆದರೆ ಬೀದಿಯಲ್ಲಿ ನಮಸ್ಕಾರಗಳು ಚಿಕ್ಕದಾದವು.

ಮುಂದಿನ ಸಲ ಹಲಗೆ ಬಂದಾಗ ಪಕ್ಕದ ಮನೆಯ ಎಂಬತ್ತರ ಅಜ್ಜಿಯ ಬಳಿಗೆ ಒಯ್ದು ಓದಿಸಿಕೊಂಡ. 'ಒಬಾಚಾನ್' ಎಂದೇ ಎಲ್ಲರೂ ಕರೆಯುತ್ತಿದ್ದ ಆಕೆ ಒಂದೊಂದು ಸಾಲನ್ನೂ ಬೆರಳಿಟ್ಟು ಓದಿದರು. ಭಾನುವಾರ ಸಲಿಕೆ ಹಿಡಿದು ಹೋದ. ಮೊಣಕಾಲುದ್ದದ ನೀರಿನಲ್ಲಿ ನಿಂತು, ಹೂಳಿಗೆ ಏನೆನ್ನುತ್ತಾರೆ, ತೂಬಿಗೆ ಏನೆನ್ನುತ್ತಾರೆ, ಎಳೆಯಿರಿ, ನಿಲ್ಲಿಸಿ, ಜಾರುತ್ತದೆ ಎಂಬುದನ್ನೆಲ್ಲ ಹೇಗೆ ಕೂಗುತ್ತಾರೆ ಎಂದು ಒಂದೇ ಬೆಳಗಿನಲ್ಲಿ ಕಲಿತ. ಕೆಲಸ ಮುಗಿದಾಗ ಎಲ್ಲರೂ ಒಬ್ಬರಿಗೊಬ್ಬರು 'ಒತ್ಸುಕರೆಸಾಮಾ' ಎಂದರು: ದಣಿದಿದ್ದೀರಿ ಎಂಬ ಉಪಚಾರದ ಮಾತು. ಅವನು ತರಗತಿಯಲ್ಲಿ ಕಲಿತಿದ್ದ 'ಗೊಕುರೋಸಾಮಾ' ಎಂದ. ಅರ್ಥ ಬಹುಮಟ್ಟಿಗೆ ಒಂದೇ. ಆದರೆ ಅದು ಯಜಮಾನ ಆಳಿಗೆ ಹೇಳುವ ಮಾತು. ಇಪ್ಪತ್ತಮೂರರ ಹುಡುಗ ಎಪ್ಪತ್ತರ ಹಿರಿಯರಿಗೆ ಹಾಗೆಂದಾಗ ನಗು ಎದ್ದಿತು, ತಿದ್ದುಪಡಿಯೂ ಆಯಿತು. ಖರೀದಿ ಅಧಿಕಾರಿಯ ಎದುರಿಗೆ ಅದೇ ತಪ್ಪು ಮಾಡಿದ್ದರೆ ನಗುವವರೂ ಇರುತ್ತಿರಲಿಲ್ಲ, ತಿದ್ದುವವರೂ ಇರುತ್ತಿರಲಿಲ್ಲ.

ಅಂದಿನಿಂದ ಬಾಗಿಲ ಬಳಿ ತರಕಾರಿ ಕಾಣಿಸತೊಡಗಿತು. ಒಂದು ದಿನ ಬದನೆ, ಇನ್ನೊಂದು ದಿನ ದ್ರಾಕ್ಷಿ. ಇಟ್ಟವರು ಯಾರೆಂದು ವಿಚಾರಿಸಿ, ಸರಿಯಾದ ಕ್ರಿಯಾಪದ ಹಾಕಿ ಕೃತಜ್ಞತೆ ಹೇಳಬೇಕು. ಅನಂತರ ಮತ್ತೊಮ್ಮೆ ಎದುರಾದಾಗ 'ಮೊನ್ನೆಯದಕ್ಕೆ' ಎಂದು ಪುನಃ ಹೇಳಬೇಕು. ಖಾಲಿ ಪಾತ್ರೆ ಹಿಂದಿರುಗಿಸಬಾರದು. ನಮ್ಮ ಹಳ್ಳಿಗಳಲ್ಲಿಯೂ ಬಟ್ಟಲನ್ನು ಬರಿದಾಗಿ ಕಳುಹಿಸುವುದಿಲ್ಲವಲ್ಲ! ನಾಟಿಗೂ ಮನೆಯ ಹುಲ್ಲು ಹೊದಿಕೆಗೂ ಪರಸ್ಪರ ಆಳು ಕೊಡುವ ಪದ್ಧತಿಗೆ ಅಲ್ಲಿ 'ಯುಯಿ' ಎಂದು ಹೆಸರು. ಶಿರಕಾವಾ–ಗೊ ಎಂಬ ಹಳ್ಳಿಯ ಕಡಿದಾದ ಹುಲ್ಲುಮಾಡುಗಳು ಇದರಿಂದಲೇ ಉಳಿದುಬಂದು 1995ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ನಮ್ಮ ಮುಯ್ಯಾಳು ಪದ್ಧತಿಯನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಯಮನಾಶಿಯಲ್ಲಿ ನನ್ನ ಕುತೂಹಲವನ್ನು ಹೆಚ್ಚು ಕೆರಳಿಸಿದ್ದು 'ಮುಜಿನ್'. ಹೆಸರಿಗೆ 'ಮುಗಿಯದ್ದು' ಎಂದರ್ಥ; ವಸ್ತುತಃ ನಮ್ಮ ಚೀಟಿಯೇ. ಪರಿಚಿತರು ತಿಂಗಳಿಗೊಮ್ಮೆ ಒಂದು ಊಟದ ಮನೆಯಲ್ಲಿ ಸೇರಿ ನಿಗದಿಯಾದ ಹಣ ಹಾಕುತ್ತಾರೆ. ಸರದಿಯಂತೆ ಒಬ್ಬರು ಎತ್ತುತ್ತಾರೆ. ಇಂಥ ಚೀಟಿ ಕಂಪನಿಗಳಿಗೆ ಜಪಾನ್ 1915ರಲ್ಲಿಯೇ ಕಾನೂನು ಮಾಡಿತು. 1951ರ ಕಾನೂನಿನ ಮೇರೆಗೆ ಅವುಗಳಲ್ಲಿ ಬಹುತೇಕ ಪರಸ್ಪರ ಬ್ಯಾಂಕುಗಳಾದವು. 1989ರಿಂದ ಅವು ಸಾಮಾನ್ಯ ಬ್ಯಾಂಕುಗಳಾಗಿ ಮಾರ್ಪಟ್ಟವು. ನಮ್ಮ ಚಿಟ್ ಫಂಡ್ ಕಾಯಿದೆ ಬಂದದ್ದು 1982ರಲ್ಲಿ. ದೇಶದ ಹೆಚ್ಚಿನ ಕಡೆ ಈ ಪದ್ಧತಿ ಮರೆಯಾದರೂ ಯಮನಾಶಿಯಲ್ಲಿ ಸ್ನೇಹಕೂಟವಾಗಿ ಉಳಿದಿದೆ, ಓಕಿನಾವಾದಲ್ಲಿ 'ಮೊಆಯ್' ಎಂಬ ಹೆಸರಿನಿಂದ ಬಾಳುತ್ತಿದೆ. ಎರಡನೆಯ ವರ್ಷ ಸಹೋದ್ಯೋಗಿಗಳು ಹುಡುಗನನ್ನು ತಮ್ಮ ಮುಜಿನ್‌ಗೆ ಸೇರಿಸಿಕೊಂಡರು. ಎನ್–4 ಪತ್ರಕ್ಕಿಂತ ಅದು ದೊಡ್ಡ ಪ್ರಮಾಣಪತ್ರವೆಂದು ನನ್ನ ಎಣಿಕೆ. ಹಣ ತಡವಾಗಿ ಕೊಡುವವನು ಹೇಗೆ ಮಾತು ಆರಂಭಿಸುತ್ತಾನೆ, ಸರದಿಯನ್ನು ಮುಂಚಿತವಾಗಿ ಬೇಡುವವನು ಹೇಗೆ ಕೇಳುತ್ತಾನೆ, ಬೇಡವೆನ್ನುವವನು 'ಚೊತ್ತೊ…' ಎಂದು ವಾಕ್ಯವನ್ನು ಅರ್ಧಕ್ಕೆ ಬಿಟ್ಟು ಹೇಗೆ ತಪ್ಪಿಸಿಕೊಳ್ಳುತ್ತಾನೆ ಎಂಬುದನ್ನೆಲ್ಲ ಅವನು ಕಲಿತದ್ದು ಆ ಊಟದ ಮೇಜಿನ ಸುತ್ತ. ವ್ಯಾಪಾರಿಗೆ ಬೇಕಾದ ಭಾಷೆ ಇದೇ ಅಲ್ಲವೇ?

ಅಂದಹಾಗೆ, ರಸ್ತೆಬದಿಯಲ್ಲಿ ಕಾಯುವವರಿಲ್ಲದೆ ತರಕಾರಿ ಇಟ್ಟು, ಪಕ್ಕದ ಡಬ್ಬಿಗೆ ನೂರು ಯೆನ್ ಹಾಕಿ ಹೋಗಿರೆನ್ನುವ ಅಂಗಡಿಗಳ ಹೆಸರಿನಲ್ಲಿಯೂ 'ಮುಜಿನ್' ಎಂಬ ಪದವೇ ಇದೆ. ಉಚ್ಚಾರಣೆ ಒಂದೇ, ಬರೆಯುವ ಅಕ್ಷರ ಬೇರೆ. ಇಲ್ಲಿ 'ಜನರಿಲ್ಲದ' ಎಂದರ್ಥ. ಕಿವಿಯಿಂದ ಮಾತ್ರ ಕಲಿತರೂ ಸಾಲದೆಂಬುದಕ್ಕೆ ಇದೊಂದು ಉದಾಹರಣೆ.

ಸುಯೆ ಗ್ರಾಮದ ದಂಪತಿ

ಈ ವಿಚಾರ ಹೊಸದೇನಲ್ಲ. 1935–36ರಲ್ಲಿ ಜಾನ್ ಎಂಬ್ರೀ ಎಂಬ ಅಮೆರಿಕದ ಮಾನವಶಾಸ್ತ್ರಜ್ಞರು ಕ್ಯೂಶೂ ದ್ವೀಪದ ಸುಯೆ ಎಂಬ ಹಳ್ಳಿಯಲ್ಲಿ ಸುಮಾರು ಒಂದು ವರ್ಷ ಪತ್ನಿಯೊಡನೆ ವಾಸವಿದ್ದು, 1939ರಲ್ಲಿ ಆ ಹಳ್ಳಿಯ ಬಗ್ಗೆ ಗ್ರಂಥ ಪ್ರಕಟಿಸಿದರು. ಅಲ್ಲಿನ ಚೀಟಿ ಕೂಟಗಳು, ಸೇತುವೆ ಕಟ್ಟುವ ಸಾಮೂಹಿಕ ದುಡಿಮೆ, ಕಾಣಿಕೆಗಳ ಕೊಡುಕೊಳೆಯನ್ನು ಅವರು ವಿವರವಾಗಿ ದಾಖಲಿಸಿದ್ದಾರೆ. ಆದರೆ ಎಂಬ್ರೀಯವರಿಗೆ ದುಭಾಷಿಯ ನೆರವು ಬೇಕಾಗಿತ್ತು. ಪತ್ನಿ ಎಲ್ಲಾ ಅವರು ಬಾಲ್ಯವನ್ನು ಜಪಾನಿನಲ್ಲಿ ಕಳೆದಿದ್ದರಿಂದ ಭಾಷೆ ನಾಲಗೆಯ ಮೇಲಿತ್ತು. ಹಳ್ಳಿಯ ಹೆಂಗಸರು ಅವರೊಡನೆ ಸಾಲ, ಸಂಸಾರ, ಕುಡಿತ, ಜಗಳ ಯಾವುದನ್ನೂ ಮುಚ್ಚದೆ ಮಾತನಾಡಿದರು. ಆಕೆಯ ದಿನಚರಿಯ ಟಿಪ್ಪಣಿಗಳು 1982ರಲ್ಲಿ ಸುಯೆಯ ಮಹಿಳೆಯರ ಬಗೆಗಿನ ಪುಸ್ತಕವಾಗಿ ಬಂದವು. ಒಂದೇ ಊರು, ಒಂದೇ ವರ್ಷ. ಪತಿಯ ಪುಸ್ತಕದಲ್ಲಿ ಊರಿನ ವ್ಯವಸ್ಥೆ ಕಾಣುತ್ತದೆ, ಪತ್ನಿಯ ಟಿಪ್ಪಣಿಗಳಲ್ಲಿ ಊರಿನವರ ಧ್ವನಿ ಕೇಳಿಸುತ್ತದೆ.

ಜಪಾನಿನ ಸರ್ಕಾರವೂ ಹಳ್ಳಿಗಳಿಗೆ ವಿದೇಶೀಯರನ್ನು ಕಳುಹಿಸುವ ಯೋಜನೆಗಳನ್ನು ನಡೆಸಿದೆ. 1987ರಲ್ಲಿ ಆರಂಭವಾದ ಜೆಟ್ ಯೋಜನೆಯಡಿ ಬರುವ ಯುವ ಪದವೀಧರರಲ್ಲಿ ಅನೇಕರು ದೂರದ ಊರುಗಳ ಶಾಲೆಗಳಿಗೆ ಇಂಗ್ಲಿಷ್ ಕಲಿಸಲು ಹೋಗಿ, ತಾವು ಜಪಾನಿ ಕಲಿತು ಮರಳುತ್ತಾರೆ.

ಆದರೆ ಹಳ್ಳಿಯಲ್ಲಿದ್ದ ಮಾತ್ರಕ್ಕೆ ಭಾಷೆ ಬರುವುದೆಂದು ಭಾವಿಸುವುದು ತಪ್ಪು. ಒಂದೇ ದೇಶದ ಆರೇಳು ಮಂದಿಯನ್ನು ಕಾರ್ಖಾನೆಯ ಹಿಂದಿನ ವಸತಿಯಲ್ಲಿ ಕೂಡಿಟ್ಟರೆ, ಅವರು ಮೂರು ವರ್ಷವೂ ತಮ್ಮ ಭಾಷೆಯನ್ನೇ ಆಡಿಕೊಂಡು ಬರುತ್ತಾರೆ. 1993ರಲ್ಲಿ ಆರಂಭವಾದ ತಾಂತ್ರಿಕ ತರಬೇತಿ ಯೋಜನೆಯಲ್ಲಿ ಇದಕ್ಕಿಂತ ಘೋರವಾದ ದೂರುಗಳೂ ಕೇಳಿಬಂದವು: ಬಾಕಿ ಸಂಬಳ, ದಲ್ಲಾಳಿಗಳ ಸಾಲ, ಉದ್ಯೋಗ ಬದಲಿಸಲಾಗದ ಕಟ್ಟು. ಆ ಯೋಜನೆಯನ್ನು ಕೊನೆಗೊಳಿಸಿ ಬೇರೊಂದನ್ನು ತರುವ ಕಾನೂನನ್ನು ಜಪಾನ್ ಸಂಸತ್ತು 2024ರಲ್ಲಿ ಅಂಗೀಕರಿಸಿತು. ಆದ್ದರಿಂದ ಯಾರನ್ನಾದರೂ ಕಳುಹಿಸುವ ಮುನ್ನ ವಸತಿ ಎಲ್ಲಿ, ಜೊತೆಗಾರರು ಯಾರು, ಕರಾರು ಯಾವ ಭಾಷೆಯಲ್ಲಿದೆ, ದಲ್ಲಾಳಿಗೆ ಕೊಟ್ಟ ಹಣಕ್ಕೆ ರಸೀದಿ ಇದೆಯೇ ಎಂದು ವಿಚಾರಿಸಬೇಕು. ಸ್ವಂತ ನೌಕರನನ್ನು ಇಲ್ಲಿಂದಲೇ ನಿಯೋಜಿಸುವುದಾದರೆ, 2016ರ ಅಕ್ಟೋಬರ್ 1ರಿಂದ ಜಾರಿಯಲ್ಲಿರುವ ಭಾರತ–ಜಪಾನ್ ಸಾಮಾಜಿಕ ಭದ್ರತಾ ಒಪ್ಪಂದದ ಮೇರೆಗೆ ಭವಿಷ್ಯನಿಧಿ ಕಚೇರಿಯಿಂದ ಪ್ರಮಾಣಪತ್ರ ಪಡೆಯಿರಿ. ಇಲ್ಲವಾದರೆ ಎರಡು ಕಡೆ ವಂತಿಗೆ ಕಟ್ಟಬೇಕಾಗುತ್ತದೆ.

ಹಳ್ಳಿಯ ಭಾಷೆಗೆ ತನ್ನದೇ ದೋಷಗಳೂ ಇವೆ. ಯಮನಾಶಿಯ ಹಿರಿಯರು 'ಅಲ್ಲವೇ' ಎನ್ನಲು ವಾಕ್ಯದ ಕೊನೆಗೆ 'ಜುರಾ' ಸೇರಿಸುತ್ತಾರೆ. ನಮ್ಮ ಹುಡುಗ ನಗೋಯಾದ ಒಂದು ಸಭೆಯಲ್ಲಿ ಅದನ್ನೇ ಬಳಸಿದಾಗ ಎದುರಿಗಿದ್ದವರು ನಕ್ಕರಂತೆ. ಸೂಟು ಧರಿಸಿದ ಬೆಂಗಳೂರಿಗನ ಬಾಯಲ್ಲಿ ದ್ರಾಕ್ಷಿ ತೋಟದ ಮಾತು! ಅದರಿಂದ ಹಾನಿಯಾಗಲಿಲ್ಲ, ಸಭೆ ಸಡಿಲವಾಯಿತು. ಆದರೆ ಕಾಲುವೆಯ ಕೆಸರಿನಲ್ಲಿ ಗಂಡಸರು ಆಡುವ 'ನಾನು–ನೀನು'ಗಳನ್ನು ಕಚೇರಿಗೆ ತಂದರೆ ಹಾನಿಯಾಗುತ್ತದೆ. ಹಳ್ಳಿಯ ಜೊತೆಗೆ ಪುಸ್ತಕದ ಶಿಷ್ಟ ಭಾಷೆಯನ್ನೂ ಬಿಡಬಾರದು. ಅವನು ಎರಡನ್ನೂ ಓದಿ, ಮರಳುವ ಮುನ್ನ ಎನ್–2 ಉತ್ತೀರ್ಣನಾದ.

2019ರಲ್ಲಿ ಅವನು ಹಿಂದಿರುಗಿದ. 2022ರಲ್ಲಿ ಇನ್ನೊಂದು ಜಪಾನಿ ಸಂಸ್ಥೆಯವರು ಬಂದು, ಮಾದರಿ ನೋಡಿ, ಹೂಂಗುಟ್ಟಿ, ಎದ್ದು ನಿಂತು ಅದೇ 'ಕೆಂತೋ ಶಿಮಾಸು' ಎಂದರು. ತಂದೆ ಮಗನ ಮುಖ ನೋಡಿದರು. ಮಗ ಬಾಗಿಲವರೆಗೆ ಬೀಳ್ಕೊಡಲು ಹೋಗಿ, ನಿಮಗೆ ಎಲ್ಲಿ ತೊಂದರೆಯಾಯಿತೆಂದು ನಮಗೆ ಕಲಿಸಿಕೊಟ್ಟರೆ ಉಪಕಾರವಾಗುತ್ತದೆಂದು, 'ಇತದಾಕು' ಹಾಕಿ ಕೇಳಿದ. ಅಂಚಿನ ಒರಟುತನ ಮಿತಿಗಿಂತ ಹೆಚ್ಚಿದೆ ಎಂಬ ಉತ್ತರ ಕಾರು ಹತ್ತುವ ಮುನ್ನ ದೊರೆಯಿತು. ಅದನ್ನು ಸರಿಪಡಿಸಲು ನಾಲ್ಕು ತಿಂಗಳು ಹಿಡಿಯಿತು. ಆ ಅವಧಿಯಲ್ಲಿ ಒಂದು ಕಂಬಿಯನ್ನೂ ಹೆಚ್ಚಿಗೆ ಕೊಳ್ಳಲಿಲ್ಲ. ಈಗ ಸಣ್ಣ ಪ್ರಮಾಣದಲ್ಲಿ ಸರಬರಾಜು ನಡೆಯುತ್ತಿದೆ.

ಕಳೆದ ಚಳಿಗಾಲದಲ್ಲಿ ಪಕ್ಕದ ಮನೆಯ ಒಬಾಚಾನ್ ತೀರಿಕೊಂಡರೆಂದು ಯಮನಾಶಿಯಿಂದ ಸುದ್ದಿ ಬಂತು. ಹುಡುಗ ಹಳೆಯ ಸಹೋದ್ಯೋಗಿಯ ಮೂಲಕ 5,000 ಯೆನ್ 'ಕೋದೆನ್' ಕೊಡಿಸಿದ. ಸಾವಿನ ಮನೆಗೆ ಲಕೋಟೆಯಲ್ಲಿಟ್ಟು ಕೊಡುವ ಕಾಣಿಕೆ ಅದು. ಲಕೋಟೆಯ ಮೇಲೆ ಮೊತ್ತವನ್ನು ಸಾಮಾನ್ಯ ಅಂಕಿಗಳಲ್ಲಿ ಬರೆಯುವ ರೂಢಿಯಿಲ್ಲ. ಅವರ ಒಂದು, ಎರಡು, ಮೂರು ಎಂಬ ಅಂಕಿಗಳು ಒಂದು, ಎರಡು, ಮೂರು ಗೆರೆಗಳಷ್ಟೇ ಆದ್ದರಿಂದ, ಗೆರೆ ಸೇರಿಸಿ ತಿದ್ದಲಾಗದ ಹಳೆಯ ಕಾಲದ ಕ್ಲಿಷ್ಟ ಅಂಕಿಗಳನ್ನು ಬಳಸುತ್ತಾರೆ. ನಾವು ಚೆಕ್ಕಿನಲ್ಲಿ ಅಕ್ಷರಗಳಲ್ಲಿ ಬರೆದು 'ಮಾತ್ರ' ಎಂದು ಮುಗಿಸುವ ಹಾಗೆ. ಬಂದ ಲಕೋಟೆಗಳನ್ನು ಹೆಸರು ಮತ್ತು ಮೊತ್ತದೊಡನೆ ಒಂದು ಪುಸ್ತಕಕ್ಕೆ ಬರೆದುಕೊಂಡು, ಅರ್ಧದಷ್ಟೋ ಮೂರನೆಯ ಒಂದರಷ್ಟೋ ಬೆಲೆಯ ವಸ್ತುವನ್ನು ಮರಳಿ ಕಳುಹಿಸುವುದು ಪದ್ಧತಿ. ನಮ್ಮ ಮದುವೆ ಮನೆಗಳ ಮುಯ್ಯಿ ಪುಸ್ತಕದ ನೆನಪಾಗದೆ ಇರದು. ಎರಡು ತಿಂಗಳ ತರುವಾಯ ಪೀಣ್ಯದ ವಿಳಾಸಕ್ಕೆ ಹಸಿರು ಚಹಾದ ಡಬ್ಬಿಯೊಂದು ಬಂದಿತು.

ಮಾರ್ಚ್ ಕೊನೆಯಲ್ಲಿ ತಂದೆ ಆ ಡಬ್ಬಿಯನ್ನು ನನ್ನ ಕಚೇರಿಗೆ ತಂದು, "ಸಾರ್, ಆ ಐದು ಸಾವಿರ ಯೆನ್ನನ್ನು ವ್ಯಾಪಾರ ವೃದ್ಧಿಯ ಖರ್ಚಿಗೆ ಹಾಕಬಹುದಾ?" ಎಂದು ಕೇಳಿದರು. ಬೇಡ, ಮಗನ ಸ್ವಂತ ಖಾತೆಗೇ ಬರೆಯಿರಿ ಎಂದೆ. ಚಹಾದಲ್ಲಿ ಸ್ವಲ್ಪವನ್ನು ನಮ್ಮ ಕಚೇರಿಯ ಹುಡುಗರಿಗೂ ಕೊಟ್ಟು ಹೋದರು.